ಅಂಗೈ ಕೆಳಗಿನ ಕೈ

ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿಯ ಗುಂಡಿಗಳನ್ನು ಹಾಕಿಕೊಳ್ಳುತ್ತಿದ್ದ ಜ್ಞಾನೇಶ ಮೇಲಿನ ಗುಂಡಿಗೆ ಬಂದಾಗ ಎಂದಿನಂತೆ ತಡೆದು ನಿಂತ. ಆ ಗುಂಡಿ ಹಾಕಿದರೆ ಕರಡಿಗೆಯ ದಾರ ಮುಚ್ಚಿಹೋಗುತ್ತದೆ, ಹಾಕದಿದ್ದರೆ ಕಾಣುತ್ತದೆ. ಮನೆಯಲ್ಲಿ ಅದು ಕಾಣಬೇಕು, ಚರ್ಚಿನಲ್ಲಿ ಕಾಣಬಾರದು. ಹೀಗಾಗಿ ಮನೆಯ ಗೇಟು ದಾಟುವವರೆಗೆ ಬಿಚ್ಚಿಟ್ಟುಕೊಂಡಿದ್ದು ಸ್ಟೇಷನ್ ರಸ್ತೆಗೆ ತಿರುಗಿದ ಮೇಲೆ ಹಾಕಿಕೊಳ್ಳುವ ಅಭ್ಯಾಸ ಈಸ್ಟರಿನಿಂದೀಚೆಗೆ ಬೆಳೆದಿತ್ತು. ನಲವತ್ತು ದಾಟಿದ, ಮದುವೆಯಾದ, ಕೊಬ್ಬರಿ ಮಂಡಿಯಲ್ಲಿ ನಾಲ್ಕು ಜನ ನಮಸ್ಕಾರ ಹೇಳುವ ಗಂಡಸೊಬ್ಬ ಒಂದು ಗುಂಡಿಗೆ ಹೆದರಿಕೊಂಡು ಬದುಕುತ್ತಿದ್ದಾನೆಂದು ಗೊತ್ತಾದರೆ ಯಾರಾದರೂ ನಕ್ಕಾರು. ಅವನಿಗೇ ಎಷ್ಟೋ ಸಲ ನಗು ಬರುತ್ತಿತ್ತು. ನಗು ಮುಗಿದ ಮೇಲೆ ನಾಚಿಕೆಯಾಗುತ್ತಿತ್ತು. ಯಾಕೆಂದರೆ ಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ಆ ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿ ಈಗ ಲಿಂಗವೇ ಇರಲಿಲ್ಲ. ಚರ್ಚಿನಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುವ ಹಿಂದಿನ ದಿನ ಅವನೇ ಅದನ್ನು ಹೊರಗೆ ತೆಗೆದಿದ್ದ. ತೆಗೆದದ್ದು ಮನಸಾರೆ, ಖಾಲಿ ಕರಡಿಗೆಯನ್ನು ತಿರುಗಿ ಕೊರಳಿಗೆ ಕಟ್ಟಿಕೊಂಡದ್ದು ಅಪ್ಪನ ಹೆದರಿಕೆಗೆ.

ಸೌಮ್ಯ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಗಂಡ ಭಾನುವಾರದ ಹೊತ್ತು ಎಲ್ಲಿಗೆ ಹೋಗುತ್ತಾನೆಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಗೊತ್ತಾದ ದಿನ ಒಂದು ಹೊತ್ತು ಊಟ ಬಿಟ್ಟು, ಆಮೇಲೆ "ನಿಮ್ ಮನ್ಸಿಗೆ ಸಮಾಧಾನ ಆದ್ರೆ ಹೋಗಿ, ಮಾವನೋರ ಕಿವಿಗೆ ಮಾತ್ರ ಹಾಕ್ಬ್ಯಾಡಿ" ಎಂದು ಮುಗಿಸಿದ್ದಳು.

"ರೀ, ಎಲ್ಲಿಗೂ ಹೋಗ್ಬ್ಯಾಡಿ. ಭಾವನೋರು ಅಕ್ಕನ್ನ ಕರ್ಕಂಡು ಮೊದಲ್ನೇ ಬಸ್ಸಿಗೇ ಶೆಟ್ಟಿಕೆರೆಗೆ ಹೋದ್ರು, ಅಕ್ಕನ ತಾಯಿಗೆ ಹುಷಾರಿಲ್ವಂತೆ. ಮಾವನೋರು ಸ್ನಾನ ಮಾಡಿ ಮಣೆ ಮೇಲೆ ಕುಂತವ್ರೆ. ಇವತ್ತು ನೀವೇ ಕೈ ಹಿಡೀಬೇಕು."

"ನಾನಾ?"

"ಇನ್ಯಾರು? ನಾನು ಹಿಡಿಯಕಾಯ್ತದಾ? ಸೊಸೆ ಕೈಲಿ ಕೈ ಮುಟ್ಟಿಸ್ಕಳೋರಾ ಅವ್ರು? ಪೂಜೆ ಆಗ್ದೆ ಒಂದ್ ಗುಟುಕು ನೀರೂ ಕುಡಿಯಲ್ಲ. ಊಟ ಆದ್ಮೇಲೆ ಬಿಪಿ ಮಾತ್ರೆ ನುಂಗ್ಬೇಕು. ನಡೀರಿ."

ಅವನ ಅಪ್ಪ ಶಂಭುಲಿಂಗಯ್ಯನವರಿಗೆ ಹೋದ ವರ್ಷ ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಕಾಲು ಅಷ್ಟಿಷ್ಟು ಸರಿಹೋಯಿತು, ಮಾತೂ ಮರಳಿತು, ಕೈ ಮಾತ್ರ ಬರಲಿಲ್ಲ. ಲಿಂಗವನ್ನಿಟ್ಟು ಪೂಜಿಸುವುದು ಎಡ ಅಂಗೈಯಲ್ಲೇ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅಂಗೈ ವಾಲಿ ಲಿಂಗ ಜಾರಿತ್ತು. ಪಕ್ಕದಲ್ಲಿದ್ದ ಹಿರಿಮಗ ರವೀಂದ್ರ ನೆಲ ಮುಟ್ಟುವುದರೊಳಗೆ ಹಿಡಿದುಬಿಟ್ಟ. ಹೆಂಡತಿ ಕಲ್ಲಮ್ಮ ತೀರಿಕೊಂಡ ದಿನವೂ ಜನರೆದುರು ಅಳದಿದ್ದ ಮುದುಕರು ಆ ದಿನ ಹುಡುಗರಂತೆ ಅತ್ತರು. ಅಂದಿನಿಂದ ದಿನಾ ಬೆಳಿಗ್ಗೆ ರವೀಂದ್ರ ಎದುರು ಕೂತು ಅಪ್ಪನ ಅಂಗೈ ಕೆಳಗೆ ತನ್ನ ಅಂಗೈ ಕೊಡುತ್ತಾನೆ. ಆ ಕೆಲಸಕ್ಕೆ ಜ್ಞಾನೇಶನನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕೆಂದು ಅವನಿಗೂ ಅನ್ನಿಸಿರಲಿಲ್ಲ. ಅವನ ಕೈಯಲ್ಲಿ ಏನೂ ನಿಲ್ಲುವುದಿಲ್ಲವೆಂಬುದು ಆ ಮನೆಯಲ್ಲಿ ಸೂರ್ಯ ಮೂಡುವಷ್ಟೇ ಗೊತ್ತಿರುವ ಸಂಗತಿ. ಚಿಕ್ಕವನಿದ್ದಾಗ ತುಪ್ಪದ ಗಿಂಡಿ ಬೀಳಿಸಿದ್ದ, ಸ್ವಾಮಿಗಳ ಪಾದಪೂಜೆಯ ದಿನ ಹಿತ್ತಾಳೆ ತಟ್ಟೆಯನ್ನು ಸಭೆಯ ನಡುವೆ ಬೀಳಿಸಿದ್ದ. ತಟ್ಟೆ ಗರಗರ ತಿರುಗುತ್ತ ತಿರುಗುತ್ತ ನಿಲ್ಲುವವರೆಗೆ ಬಂಧುಬಳಗವೆಲ್ಲ ಸುಮ್ಮನೆ ನೋಡಿತು. ನಿಂತ ಮೇಲೆ ಅಪ್ಪ, "ನಿನ್ ಕೈಗೆ ಏನ್ ಕೊಟ್ರೂ ಅಷ್ಟೇ ಕಣ್ಲಾ" ಎಂದಿದ್ದರು. ಗಟ್ಟಿಯಾಗಿಯೂ ಅಂದಿರಲಿಲ್ಲ. ಗಟ್ಟಿಯಾಗಿ ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಜಗುಲಿಯ ಕಂಬಕ್ಕೆ ಒರಗಿ ಅವನು ಅಟ್ಟದ ಕಡೆ ನೋಡಿದ. ಈ ಸೀಮೆಯ ಮನೆಗಳಲ್ಲಿ ಜನಕ್ಕಿಂತ ಹೆಚ್ಚು ಜಾಗ ತೆಂಗಿನಕಾಯಿಗೆ. ಸಿಪ್ಪೆ ಸಮೇತ ಅಟ್ಟಕ್ಕೇರಿದ ಕಾಯಿ ವರ್ಷಕ್ಕೆ ಹತ್ತಿರವಾಗುವಷ್ಟು ಕಾಲ ಕತ್ತಲಲ್ಲಿ ಬಿದ್ದಿರಬೇಕು. ಮೊದಮೊದಲು ಕುಲುಕಿದರೆ ಒಳಗೆ ನೀರು ಆಡುತ್ತದೆ. ಆಮೇಲೆ ನೀರು ಹಿಂಗಿ ಎಷ್ಟು ಕುಲುಕಿದರೂ ಸದ್ದಿಲ್ಲದೆ, ಸತ್ತೇಹೋದ ಹಾಗೆ ಇರುತ್ತದೆ. ಕೊನೆಗೆ ಯಾವುದೋ ಒಂದು ದಿನ ಕೊಬ್ಬರಿ ಕರಟವನ್ನು ತಾನಾಗಿ ಬಿಟ್ಟು ಒಳಗೇ ಗಡಗಡ ಉರುಳುತ್ತದೆ. ಅವಸರ ಮಾಡಿ ಒಡೆದರೆ ಕರಟಕ್ಕೆ ಕಚ್ಚಿಕೊಂಡು ಚೂರಾಗುತ್ತದೆ. ಆ ಅಟ್ಟ ಅವನ ಪಾಲಿಗೆ ಬಂದ ಕೆಲಸ. ಮಂಡಿಯ ಮಾತುಕತೆ, ಹರಾಜು, ಜನರ ಸಂಗಡ ನಗುವುದು ಎಲ್ಲ ರವೀಂದ್ರನದು. ಏಣಿ ಹತ್ತಿ ಕಾಯಿ ಕುಲುಕಿ ನೋಡುವುದು ಇವನದು. ಅಲ್ಲಿ ಬೀಳಿಸಿದರೂ ಏನೂ ಒಡೆಯುವುದಿಲ್ಲವಲ್ಲ. ದೀಕ್ಷಾಸ್ನಾನದ ಹಿಂದಿನ ದಿನ ಲಿಂಗವನ್ನು ಎಲ್ಲಿಡಬೇಕೆಂದು ತೋಚದೆ ಅವನು ಅಲ್ಲಿಗೇ ಹೋಗಿದ್ದ. ಕೆರೆಗೆ ಬಿಡಲು ಕೈ ಬರಲಿಲ್ಲ. ಬೀದಿಯ ಮೂಲೆಮನೆಯ ತೋಂಟದಾರ್ಯ ಅಯ್ಯನವರಿಗೆ ಒಪ್ಪಿಸಿದರೆ ಮಧ್ಯಾಹ್ನದೊಳಗೆ ತಿಪಟೂರಿಗೆಲ್ಲ ಗೊತ್ತಾಗುತ್ತಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿ, ಅವ್ವ ಅರಿಸಿನ ಇಡುತ್ತಿದ್ದ ಸ್ಟೀಲು ಡಬ್ಬಿಯಲ್ಲಿಟ್ಟು, ಅಟ್ಟದ ಹಿಂಗೋಡೆಯ ಗೂಡಿನಲ್ಲಿ ಇಟ್ಟು ಬಂದಿದ್ದ. ಇಳಿಯುವಾಗ ಎದೆ ಹಗುರವಾಗಿತ್ತು, ಆ ಮಾತು ಸುಳ್ಳಲ್ಲ. ಆದರೆ ಆಮೇಲೆ ಏಣಿ ಹತ್ತಿದಾಗೆಲ್ಲ, ಯಾರನ್ನೋ ಕತ್ತಲಲ್ಲಿ ಕೂರಿಸಿ ಮರೆತ ಹಾಗಾಗುತ್ತಿತ್ತು. ಇದನ್ನು ಚರ್ಚಿನ ಪಾಸ್ಟರ್ ಅರುಣ್ ಕುಮಾರ್ ಅವರಿಗೆ ಹೇಳಿದ್ದರೆ, ಅದು ನಿಮ್ಮೊಳಗಿನ ಹಳೆಯ ಮನುಷ್ಯನ ಅಳುಕು, ಪ್ರಾರ್ಥನೆ ಮಾಡಿ ಎನ್ನುತ್ತಿದ್ದರು. ಅವನು ಹೇಳಿರಲಿಲ್ಲ.

ಆ ಚರ್ಚಿಗೆ ಅವನು ದೇವರನ್ನು ಹುಡುಕಿಕೊಂಡೇನೂ ಹೋದವನಲ್ಲ. ಮಂಡಿಯಲ್ಲಿ ಅಣ್ಣ ಹತ್ತು ಜನರೆದುರು "ಇವನನ್ನ ಕೇಳ್ಬ್ಯಾಡಿ, ಇವನಿಗೇನು ಗೊತ್ತು" ಎಂದು ನಗೆಯಾಡಿದ್ದ. ಅದೇನು ಮೊದಲ ಸಲವಲ್ಲ, ಆದರೂ ಆ ಸಂಜೆ ಮನೆಗೆ ಹೋಗಲು ಕಾಲು ಏಳದೆ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಸುಮ್ಮನೆ ನಡೆದಿದ್ದ. ಹೆಂಚಿನ ಸಣ್ಣ ಕಟ್ಟಡವೊಂದರಲ್ಲಿ ಹಾಡುತ್ತಿದ್ದರು. ಬಾಗಿಲಲ್ಲಿ ನಿಂತವನನ್ನು ನೋಡಿ ಬೆಂಚಿನ ತುದಿಯಲ್ಲಿದ್ದ ನರೆಗೂದಲಿನ ಹೆಂಗಸೊಬ್ಬರು ಒತ್ತಾಗಿ ಸರಿದು ಜಾಗ ಮಾಡಿಕೊಟ್ಟರು. ಹಾಡು ಮುಗಿದ ಮೇಲೆ, "ನಿನ್ ಹೆಸ್ರೇನಪ್ಪಾ?" ಎಂದು ಕೇಳಿದರು. ಅವನು ತಡವರಿಸಿದ. ಈ ಊರಿನಲ್ಲಿ ಯಾರೂ ಮೊದಲು ಹೆಸರು ಕೇಳುವುದಿಲ್ಲ. ಯಾರ ಮಗ, ಯಾರ ಪೈಕಿ ಎಂದು ಕೇಳುತ್ತಾರೆ. ಶಂಭುಲಿಂಗಯ್ಯನವರ ಮಗ ಎಂದರೆ, ಓ ರವೀಂದ್ರನಾ ಎನ್ನುತ್ತಾರೆ. ಅಲ್ಲ, ಅವನ ತಮ್ಮ ಎಂದರೆ, ಓಹೋ ಎಂದು ಬೇರೆ ಮಾತಿಗೆ ಹೋಗುತ್ತಾರೆ. "ಜ್ಞಾನೇಶ" ಎಂದ. ಆ ಹೆಸರನ್ನು ತಾನೇ ಮೊದಲ ಸಲ ಕೇಳಿದಂತಾಯಿತು. ಆ ಹೆಂಗಸು ನಿವೃತ್ತ ನರ್ಸು ನಿರ್ಮಲಮ್ಮ. ಮುಂದಿನ ವಾರ ಹೋದಾಗ ಅವರು ಹೆಸರು ಮರೆತಿರಲಿಲ್ಲ.

ಅಲ್ಲಿಂದ ಮುಂದಿನದು ನಿಧಾನವಾಗಿ ಆಯಿತು, ಅಟ್ಟದ ಕಾಯಿಗೆ ಆದ ಹಾಗೆ. ದೇವರು ಒಬ್ಬೊಬ್ಬರನ್ನೂ ಹೆಸರಿನಿಂದ ಬಲ್ಲನೆಂದು ಪಾಸ್ಟರು ಹೇಳಿದ್ದನ್ನು ಅವನು ತಿಂಗಳುಗಟ್ಟಲೆ ಒಳಗೇ ಕುಲುಕಿ ಕುಲುಕಿ ನೋಡಿದ. ಬಹಳ ದಿನ ಸದ್ದೇ ಇರಲಿಲ್ಲ. ಶಿಲುಬೆಗೇರುವ ಹಿಂದಿನ ದಿನ ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಅಲ್ಲಿಯ ಪಾಸ್ಟರು ಎಲ್ಲರ ಕಾಲು ತೊಳೆಯುವ ಪದ್ಧತಿಯಿದೆ. ಹೋದ ವರ್ಷ, ತೆಂಗಿನ ನಾರು ಹೊಕ್ಕು ಒಡೆದ ತನ್ನ ಹಿಮ್ಮಡಿಯನ್ನು ಆ ಓದಿದ ಮನುಷ್ಯ ಕೈಯಲ್ಲಿ ಹಿಡಿದಾಗ ಜ್ಞಾನೇಶ ಕಾಲು ಎಳೆದುಕೊಳ್ಳಲು ನೋಡಿದ. ಪಾಸ್ಟರು ಬಿಡಲಿಲ್ಲ. ಅವತ್ತು ಒಳಗೆ ಏನೋ ಸಡಿಲವಾಗಿ ಉರುಳಿತು, ಬಾಯಿ ಮುಚ್ಚಿಕೊಂಡು ಅತ್ತ. ಆಮೇಲೆ ನಿರ್ಮಲಮ್ಮ ಅವನನ್ನು ಬುಧವಾರ, ಶನಿವಾರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗತೊಡಗಿದರು. ಜನವಿಲ್ಲದ ರೋಗಿಗಳಿಗೆ ಊಟ ಮಾಡಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು. ದಬ್ಬೇಘಟ್ಟದ ಕಡೆಯ ಹುಚ್ಚಣ್ಣ ಎಂಬ ಮುದುಕನೊಬ್ಬ ಇವನು ಕೈ ಹಿಡಿದರೆ ಮಾತ್ರ ನಿದ್ದೆ ಹೋಗುತ್ತಿದ್ದ. ಇವನ ಕೈಯಿಂದ ಒಂದು ಲೋಟವೂ ಬೀಳಲಿಲ್ಲ. ಅದನ್ನು ಗಮನಿಸಿದ ದಿನ ಅವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಯಿತು: ಇಷ್ಟು ವರ್ಷ ಬದುಕಿದ್ದವನು ಯಾರು ಹಾಗಾದರೆ? ಈ ವರ್ಷ ದೀಕ್ಷಾಸ್ನಾನಕ್ಕೆ ಮುಂಚೆ, ಬೇರೆ ಹೆಸರೇನಾದರೂ ಇಟ್ಟುಕೊಳ್ಳುತ್ತೀರಾ ಎಂದು ಪಾಸ್ಟರು ಕೇಳಿದರು. ಇದೇ ಸಾಕು, ಈಗ ತಾನೇ ನನ್ನದಾಗಿದೆ ಎಂದಿದ್ದ.

"ಯಾರ್ಲಾ ಅಲ್ಲಿ? ಹೊತ್ತಾಯ್ತು" ಎಂದು ಒಳಗಿನಿಂದ ಅಪ್ಪನ ದನಿ ಬಂತು.

ದೇವರ ಕೋಣೆಯಲ್ಲಿ ಅಪ್ಪ ಹಣೆಗೆ, ತೋಳಿಗೆ ವಿಭೂತಿ ಹಚ್ಚಿ ಕೂತಿದ್ದರು. ಮುಂದೆ ನೀರಿನ ತಂಬಿಗೆ, ಪತ್ರೆ, ನಾಲ್ಕು ಕಣಗಿಲೆ ಹೂ. ಜ್ಞಾನೇಶ ಎದುರು ಕೂತ. ಅಪ್ಪ ಬಲಗೈಯಿಂದ ಎಡಗೈಯನ್ನು ಎತ್ತಿ ಯಾರದೋ ಸಾಮಾನನ್ನು ಒಪ್ಪಿಸಿದಂತೆ ಅವನ ಕೈ ಮೇಲೆ ಇಟ್ಟರು. "ಬೀಳುಸ್ಬ್ಯಾಡ ಕಣಪ್ಪಾ" ಎಂದರು. ಬೈಗುಳವಲ್ಲ, ಬೇಡಿಕೆ. ಅಪ್ಪನ ಬಾಯಲ್ಲಿ ಬೇಡಿಕೆಯ ದನಿಯನ್ನು ಅವನು ಕೇಳಿರಲೇ ಇಲ್ಲ. ಆ ಕೈ ತಣ್ಣಗಿತ್ತು, ಸಡಿಲವಾಗಿತ್ತು, ಹುಚ್ಚಣ್ಣನ ಕೈಯ ಹಾಗೇ ಇತ್ತು. ಊರಿನ ಯಾರು ಯಾರದೋ ಅಪ್ಪಂದಿರ ಕೈ ಹಿಡಿದು ಕೂರುವ ತಾನು ಸ್ವಂತ ಅಪ್ಪನ ಕೈಯನ್ನು ಬುದ್ಧಿ ತಿಳಿದ ಮೇಲೆ ಮುಟ್ಟಿಯೇ ಇಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಇನ್ನು ನಿನಗೆ ಆ ಪೂಜೆಯಲ್ಲಿ ಪಾಲಿಲ್ಲ ಎಂದು ಪಾಸ್ಟರು ಹೇಳಿದ್ದು ನೆನಪಾಯಿತು. ಪಾಲು ಬೇಡ, ಕೈ ಮಾತ್ರ ಕೊಡುತ್ತೇನೆ ಎಂದುಕೊಂಡ. ಸುಮ್ಮನಿದ್ದರೆ ಇದು ಮುಗಿಯುತ್ತಿತ್ತು. ಅಪ್ಪ ಪೂಜೆ ಮಾಡಿ, ಉಂಡು, ಮಾತ್ರೆ ನುಂಗುತ್ತಿದ್ದರು. ಅವನು ಮೇಲಿನ ಗುಂಡಿ ಹಾಕಿಕೊಂಡು ಚರ್ಚಿಗೆ ಓಡಬಹುದಿತ್ತು. ಆದರೆ ಬಲಗೈಯಲ್ಲಿ ತಮ್ಮ ಕರಡಿಗೆಯ ಮುಚ್ಚಳ ತೆಗೆಯುತ್ತ ಅಪ್ಪ ಕಣ್ಣೆತ್ತಿ, ಇವನ ಅಂಗಿಯ ತೆರೆದ ಕೊರಳಲ್ಲಿ ದಾರ ಕಂಡು, "ನಿಂದು ಆಯ್ತೇನ್ಲಾ ಪೂಜೆ?" ಎಂದು ಕೇಳಿದರು. ದಿನಾ ಯಾರಾದರೂ ಯಾರನ್ನಾದರೂ ಕೇಳುವ ಮಾತು. ಆಯ್ತು ಎಂದರೆ ಮುಗಿಯಿತು.

"ಇಲ್ಲ ಅಪ್ಪಾಜಿ. ಇದ್ರೊಳಗೆ ಲಿಂಗ ಇಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. ಕಳೆದುಹೋಯಿತೆಂದುಕೊಂಡು ಮುಖ ಬಿಳುಚಿಕೊಂಡಿತು. "ಕಳ್ಕಂಡಾ?"

"ಕಳ್ಕಂಡಿಲ್ಲ. ತೆಗೆದಿಟ್ಟಿದೀನಿ. ನಾನು ಯೇಸುನ ನಂಬಿದೀನಿ ಅಪ್ಪಾಜಿ. ಈಸ್ಟರಲ್ಲಿ ದೀಕ್ಷಾಸ್ನಾನ ತಗಂಡೆ. ನಿಮ್ಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಕರಡಿಗೆ ಸುಮ್ನೆ ಹಾಕ್ಕಂಡಿದೀನಿ."

ಅಪ್ಪ ಬಲಗೈಯಿಂದ ಎಡಗೈಯನ್ನು ಅವನ ಕೈಯ ಮೇಲಿಂದ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಕರಡಿಗೆಯ ಮುಚ್ಚಳ ಮುಚ್ಚಿದರು. "ಏನ್ ಕೊಟ್ರು ಅವ್ರು ನಿನ್ಗೆ?" ಎಂದರು.

"ಏನೂ ಕೊಡ್ಲಿಲ್ಲ. ಹೆಸ್ರು ಕೇಳಿದ್ರು."

"ಹೆಸ್ರು ಇಟ್ಟೋನು ನಾನು ಕಣ್ಲಾ" ಎಂದರು ಅಪ್ಪ. ಲಕ್ವದಿಂದ ಅವರ ಬಾಯಿ ಸ್ವಲ್ಪ ಓರೆಯಾಗಿತ್ತು, ಅದು ಸಿಟ್ಟೋ ಅಳುವೋ ಗೊತ್ತಾಗುವಂತಿರಲಿಲ್ಲ. "ಎದ್ದೋಗು."

ಎದ್ದು ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತ. ಸ್ಟೇಷನ್ನಿನ ಕಡೆಯಿಂದ ಚರ್ಚಿನ ಗಂಟೆ ಕೇಳಿಸಿತು, ಅದರ ಹಿಂದೆಯೇ ರೈಲಿನ ಕೂಗು. ಹೋಗಲಿಲ್ಲ. ಸೌಮ್ಯ ಬಾಗಿಲಿಗೆ ಬಂದು, "ಒಂದಿನ ಬಾಯ್ ಮುಚ್ಕಂಡಿರಕ್ಕೆ ಆಗ್ಲಿಲ್ವೇನ್ರೀ? ನಿಮ್ ಸತ್ಯ ನಿಮ್ಗೆ ದೊಡ್ದಾಯ್ತು, ಅವ್ರ ಹೊಟ್ಟೆ ಯಾರ್ ನೋಡ್ತಾರೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡು ಬೈದಳು. ಕೈ ಹಿಡಿಯಲು ತೋಂಟದಾರ್ಯರನ್ನಾದರೂ ಕರೆದುಕೊಂಡು ಬನ್ನಿ ಎಂದಳು. ಅದು ಒಳಗೆ ಕೇಳಿಸಿ, "ಯಾರ್ನೂ ಕರೀಬ್ಯಾಡಿ, ಊರಿಗೆಲ್ಲಾ ಸಾರ್ಬೇಕಾ?" ಎಂದು ಅಪ್ಪ ಕೂಗಿದರು. ಸೌಮ್ಯ ಹೇಳಿದ್ದರಲ್ಲಿ ನ್ಯಾಯವಿತ್ತು. ಹಸಿದ ಮುದುಕನೆದುರು ತನ್ನ ಎದೆ ಹಗುರ ಮಾಡಿಕೊಂಡವನನ್ನು ಯೇಸು ಮೆಚ್ಚುತ್ತಾನೆಯೇ? ಸುಳ್ಳಿನ ಕೈಯನ್ನು ಅಪ್ಪನ ದೇವರ ಕೆಳಗೆ ಇಟ್ಟಿದ್ದರೆ ಮೆಚ್ಚುತ್ತಿದ್ದನೇ? ಅವನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಲು ನೋಡಿದ. ಮಾತು ಬರಲಿಲ್ಲ, ಅಪ್ಪ ಉಣ್ಣಲಿ ಎನ್ನುವುದೊಂದೇ ಮತ್ತೆ ಮತ್ತೆ ಬಂತು. ತೆಂಗಿನ ಗರಿಗಳ ನೆರಳು ಮೆಟ್ಟಿಲಿನಿಂದ ಇಳಿದು ಬಾವಿಯ ಕಟ್ಟೆ ಮುಟ್ಟಿತು. ಒಲೆಯ ಮೇಲೆ ಮುದ್ದೆ ತಣ್ಣಗಾಗಿರಬೇಕು. ಕೆಡುಕೆನಿಸುತ್ತಿತ್ತು, ಆದರೂ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಇಷ್ಟು ಕಾಲದಲ್ಲಿ ಅಪ್ಪನೆದುರು ತಾನು ಆಡಿದ ತನ್ನ ಸ್ವಂತ ಮಾತು ಅದೊಂದೇ ಎಂಬುದು ಅವನಿಗೆ ವಿಚಿತ್ರವಾಗಿ ಕಂಡಿತು.

"ಜ್ಞಾನೇಶಾ."

ಒಳಗೆ ಅಪ್ಪ ಹಾಗೇ ಕೂತಿದ್ದರು, ಬೆನ್ನು ಮಾತ್ರ ಗೋಡೆಗೆ ಒರಗಿತ್ತು.

"ಎಲ್ಲೈತೆ ಅದು?"

"ಅಟ್ಟದ ಮೇಲೆ. ಗೂಡಲ್ಲಿ."

"ಅಟ್ಟದ ಮೇಲೆ!" ಅಪ್ಪನ ದನಿ ಮತ್ತೆ ಏರಿತು. "ಇಲಿ ಓಡಾಡೋ ಜಾಗ್ದಲ್ಲಿ! ಅಷ್ಟು ದಿನದಿಂದ ನೀರಿಲ್ಲ, ಪತ್ರೆ ಇಲ್ಲ. ನಿನ್ಗೆ ಬ್ಯಾಡಾದ್ರೆ ನನ್ ಕೈಗೆ ಕೊಡಬಾರ್ದಾಗಿತ್ತೇನ್ಲಾ? ಹೋಗ್, ತಗಂಬಾ."

ಅವನು ಅಂಗಿ ಕೊಳೆಯಾಗುವುದನ್ನೂ ನೋಡದೆ ಏಣಿ ಹತ್ತಿದ. ಡಬ್ಬಿಯ ಮೇಲೆ ನಾರಿನ ಧೂಳು ಕೂತಿತ್ತು. ಅದನ್ನು ಎದೆಗೊತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಬಟ್ಟೆ ಬಿಚ್ಚಿ ಎದುರಿಗಿಟ್ಟಾಗ ಅಪ್ಪ ಅದನ್ನು ಬಲಗೈಯಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಜ್ಞಾನೇಶ ಹಸುಗೂಸಾಗಿದ್ದಾಗ ಕಟ್ಟಿಸಿದ್ದು. ಆಮೇಲೆ ಅದನ್ನು ತಿರುಗಿ ಬಟ್ಟೆಯ ಮೇಲಿಟ್ಟು, ಬಲಗೈಯಿಂದ ಎಡಗೈಯನ್ನು ಎತ್ತಿ ಮುಂದೆ ಚಾಚಿ ಕಾದರು. ಅವನು ಕೂತು ತನ್ನ ಎರಡೂ ಅಂಗೈಯನ್ನು ಕೆಳಗೆ ಕೊಟ್ಟ. ಅಪ್ಪ ತಮ್ಮ ಲಿಂಗವನ್ನು ಇಟ್ಟರು. ಅದರ ಪಕ್ಕಕ್ಕೆ ಮಗನದನ್ನು ಇಟ್ಟರು.

"ಹಿಂಗ್ ಮಾಡಬೋದೋ ಇಲ್ವೋ ನನ್ಗೆ ಗೊತ್ತಿಲ್ಲ" ಎಂದರು. "ಅಯ್ಯನೋರ್ನ ಕೇಳಿದ್ರೆ ಬ್ಯಾಡ ಅಂತಾರೆ. ಕೇಳಲ್ಲ. ನಾನಿರೋಗಂಟ ನಾನ್ ನೋಡ್ಕತೀನಿ. ನನ್ನ ಮಣ್ಣು ಮಾಡುವಾಗ ನನ್ ಜೊತೇಲೇ ಇಟ್ಬುಡು."

ಲಿಂಗಗಳ ಮೇಲೆ ಸುರಿದ ನೀರು ಅಪ್ಪನ ಬೆರಳುಸಂದಿಯಿಂದ ಇವನ ಅಂಗೈಗೆ, ಮೊಣಕೈಗೆ ಇಳಿಯಿತು. ಪಾಸ್ಟರಿಗೆ ಇದನ್ನು ಹೇಗೆ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ. ಹೇಳುವುದಂತೂ ಖಂಡಿತ, ಇನ್ನು ಗುಂಡಿ ಹಾಕಿ ಬಿಚ್ಚಿ ಮಾಡುವ ಬದುಕು ಬೇಡ. ಅಪ್ಪ ಕಣ್ಣನ್ನು ಲಿಂಗದ ಮೇಲೆ ನೆಟ್ಟಿದ್ದರು, ತುಟಿ ಅಲ್ಲಾಡುತ್ತಿತ್ತು. ಅವನು ಅಪ್ಪನ ಕೈಯನ್ನೇ ನೋಡುತ್ತ ಮನಸ್ಸಿನಲ್ಲಿ ತನ್ನ ಸ್ವಾಮಿಯನ್ನು ಕರೆದ. ತನ್ನ ಹಿಮ್ಮಡಿಯನ್ನು ಬಿಡದೆ ಹಿಡಿದಿದ್ದ ಪಾಸ್ಟರ ಕೈ ನೆನಪಾಯಿತು. ಸಮಾಧಾನವಾಯಿತು, ಒಳಗೆಲ್ಲ.

"ನಿಮ್ ಪಾದ್ರಿ ಬೈಯಲ್ವೇನ್ಲಾ?" ಪತ್ರೆ ಏರಿಸುತ್ತ ಅಪ್ಪ ಕೇಳಿದರು.

"ಬೈಬೋದು."

"ಬೈದ್ರೆ ಏನಂತೀಯಾ?"

"ನಮ್ಮಪ್ಪನ ಕೈ ಹಿಡ್ಕಂಡಿದ್ದೆ ಅಂತೀನಿ."

ಅಪ್ಪ ಹೂ ಇಟ್ಟರು. ಪೂಜೆ ಮುಗಿದು ತಮ್ಮದನ್ನು ಬಟ್ಟೆ ಸುತ್ತಿ ಕರಡಿಗೆಗೆ ಸೇರಿಸಿದ ಮೇಲೆ ಬಲಗೈ ಚಾಚಿ, "ತೆಗಿ ಅದ್ನ ಕೊಳ್ಳಿಂದ" ಎಂದರು. "ಖಾಲಿ ಕಟ್ಕಂಡು ತಿರುಗ್ತೀಯಾ, ಇದಕ್ಕೆ ಮನೆ ಬ್ಯಾಡ್ವಾ?" ಅವನು ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ ಕೊಟ್ಟ. ಅಪ್ಪ ಅದರಲ್ಲಿ ಲಿಂಗವಿಟ್ಟು ಮುಚ್ಚಿದರು. ಒಂದು ಕೈಯಲ್ಲಿ ಕಟ್ಟಿಕೊಳ್ಳಲು ಬಾರದೆ ತಲೆ ಬಗ್ಗಿಸಿದರು, ಅವನೇ ಹಿಂದೆ ಹೋಗಿ ದಾರದ ಗಂಟು ಹಾಕಿದ. ಅಪ್ಪನ ಎದೆಯ ಮೇಲೆ ಈಗ ಎರಡು ಕರಡಿಗೆ. ಅವನ ಕೊರಳು ಬರಿದಾಗಿತ್ತು, ದಾರವಿದ್ದಲ್ಲಿ ಒಂದು ಬಿಳಿಯ ಗೆರೆ ಮಾತ್ರ ಉಳಿದಿತ್ತು. ಸೌಮ್ಯ ಬಾಗಿಲಲ್ಲಿ ನಿಂತು ನೋಡಿದವಳು ಮುದ್ದೆ ಬಿಸಿ ಮಾಡಲು ಹೋದಳು.

ಅಪ್ಪ ಉಂಡರು. ಮಾತ್ರೆ ನುಂಗಿ, ನೀರು ಕುಡಿದು, ಇವನ ಕಡೆ ನೋಡದೆ ಹೇಳಿದರು: "ನಾಳೆ ರವಿ ಬತ್ತಾನೆ. ಬಂದ್ರೂ ನೀನೇ ಬಾ ಕಣ್ಲಾ. ಅವ್ನು ಬಿಗಿಯಾಗಿ ಹಿಡೀತಾನೆ, ನೋಯ್ತದೆ."

"ಬತ್ತೀನಿ ಅಪ್ಪಾಜಿ" ಎಂದ ಜ್ಞಾನೇಶ.